ನೀರು ಪುಡಿ ಮಾಡುವ ಅತ್ತೆ

ಬೇರೆ ಮನೆಗಳಲ್ಲಿ ಅತ್ತೆ ಮನೆಯಲ್ಲಿದ್ದರೆ ಸೊಸೆಗೆ ಹೆದರಿಕೆ. ಈ ಮನೆಯಲ್ಲಿ ಅತ್ತೆ ಮನೆಯಿಂದ ಹೊರಟರೆ ಸೊಸೆಗೆ ಹೆದರಿಕೆ.

ಅತ್ತೆಗೆ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಬೆಳಿಗ್ಗೆ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಬೂಟಿನ ಲೇಸು ಬಿಗಿದು, "ಒಲೆ ಮೇಲೆ ಹಾಲಿದೆ, ನೋಡ್ಕೋ" ಎಂದು ಹೇಳಿ ಅವರು ಮೆಟ್ಟಿಲಿಳಿಯುವುದೇ ತಡ, ಸೊಸೆಯ ಜೀವ ಬಾಯಿಗೆ ಬರುತ್ತಿತ್ತು. ಮೊದಲೇ ಅವಳದು ಪುಕ್ಕಲು ಸ್ವಭಾವ. ಗ್ಯಾಸ್ ಆರಿಸಿ ಬಂದವಳು ಅರ್ಧ ದಾರಿಯಿಂದ ವಾಪಸ್ ಹೋಗಿ ಮತ್ತೊಮ್ಮೆ ಮುಟ್ಟಿ ನೋಡುವವಳು. ಮಗು ಹುಟ್ಟಿದ ಮೇಲಂತೂ ಮನೆಯ ಪ್ಲಗ್ಗುಗಳು, ಮೇಜಿನ ಮೂಲೆಗಳು, ಅಂಗಿಯ ಗುಂಡಿಗಳು ಎಲ್ಲವೂ ಹೊಂಚು ಹಾಕಿ ಕೂತಂತೆ ಅವಳ ಕಣ್ಣಿಗೆ ಕಾಣುತ್ತಿದ್ದವು. ಯಾವ ಅಂಗಡಿಗೆ ಹೋದರೂ ಮೊದಲು ನೋಡುವುದು, ಹೊರಗೆ ಹೋಗುವ ಬಾಗಿಲು ಎಲ್ಲಿದೆ, ಕಿಟಕಿಗೆ ಸರಳಿದೆಯೇ ಎಂದು. ಗಂಡ ನಗುತ್ತಿದ್ದ. ಅವನು ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಆ ಸದ್ದಿನಲ್ಲಿ ದಿನವಿಡೀ ಇದ್ದೂ ಇದ್ದೂ ಅವನಿಗೆ ಹೆಂಡತಿಯ ಹೆದರಿಕೆಗಳು ಅರ್ಧಂಬರ್ಧ ಮಾತ್ರ ಕೇಳಿಸುತ್ತಿದ್ದವು.

ಊಟದ ಹೊತ್ತಿನೊಳಗೆ ಒಮ್ಮೆಯಾದರೂ ಠಾಣೆಗೆ ಫೋನು ಮಾಡಿ "ಅತ್ತೆ ವಾಪಸ್ ಬಂದ್ರಾ?" ಎಂದು ಕೇಳದಿದ್ದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಠಾಣೆಯವರು ಅವಳಿಗೆ 'ವಿಚಾರಣೆ' ಎಂದೇ ಹೆಸರಿಟ್ಟಿದ್ದರು. "ಅಕ್ಕಾ, ವಿಚಾರಣೆಯವರು ಲೈನಲ್ಲಿದ್ದಾರೆ!" ಎಂದು ಯಾರೋ ಕೂಗುವುದು, ಹಿಂದಿನಿಂದ ನಗು, ಆಮೇಲೆ ಅತ್ತೆಯ ದನಿ: "ಬದುಕಿದ್ದೀನಿ. ಪುಟ್ಟಿ ಮಲಗಿದ್ಲಾ?"

ಅತ್ತೆ ನೋಡಲು ಅಂಥ ಭಾರೀ ಆಳೇನಲ್ಲ. ಗಿಡ್ಡ, ಗಟ್ಟಿ. ಕೂದಲು ಹೆಲ್ಮೆಟ್ಟಿನೊಳಗೆ ಹಿಡಿಸುವಷ್ಟು ಮೋಟು. ಮಾತು ಕಡಿಮೆ, ಆಡಿದರೆ ಮೊನಚು. ಮಾವ ತೀರಿಕೊಂಡಾಗ ಮಗ ಇನ್ನೂ ಸ್ಕೂಲು ಸೇರಿರಲಿಲ್ಲ. ಆಗ ಠಾಣೆಯಲ್ಲಿ ಸಿಕ್ಕಿದ್ದು ಟೆಲಿಫೋನ್ ಎತ್ತುವ ಕೆಲಸ. ನೆರಳಲ್ಲಿ ಕೂತು ಮಾಡುವ ಕೆಲಸ, ಸಂಬಂಧಿಕರೆಲ್ಲ ಖುಷಿಪಟ್ಟರು. ಅತ್ತೆಗೆ ಮಾತ್ರ ಆ ಕುರ್ಚಿ ಕಂಡರಾಗದು. ಯಾಕೆಂದು ಒಂದು ಸಂಜೆ ಬಟಾಣಿ ಸುಲಿಯುತ್ತಾ ಅವರೇ ಸೊಸೆಗೆ ಹೇಳಿದ್ದರು.

"ಒಬ್ಬ ಹೆಂಗಸು ಫೋನ್ ಮಾಡಿ ದಾರಿ ಹೇಳ್ತಾ ಇದ್ಲು. 'ಎಡಕ್ಕೆ ತಿರುಗಿದ್ರೆ' ಅಂದ್ಲು ನೋಡು, ಅಲ್ಲಿಗೆ ಮಾತು ನಿಂತುಹೋಯ್ತು. ಲೈನ್ ಕಟ್ ಆಗಿಲ್ಲ. ಆ ಕಡೆ ಏನೋ ಚಟಚಟ ಅಂತಿದೆ. ನಮ್ಮ ಗಾಡಿ ಹೋಗಿ ಅವಳನ್ನ ಹೊರಗೆ ತಂತು ಅಂತ ನನಗೆ ಗೊತ್ತಾಗಿದ್ದು ಸಂಜೆಗೆ. ಅಲ್ಲೀತನಕ ರಿಸೀವರ್ ಕಿವಿಗಿಟ್ಕೊಂಡು ಕೂತೇ ಇದ್ದೆ. ಬೆಂಕಿ ಹತ್ರ ಹೋದ್ರೆ ಮೈ ಸುಡುತ್ತೆ, ಅಷ್ಟೇ. ಆ ಕುರ್ಚೀಲಿ ಕೂತ್ರೆ ಒಳಗೆಲ್ಲ ಸುಡುತ್ತೆ."

ಆಮೇಲೆ ಅವರು ಗಾಡಿಯ ಕೆಲಸಕ್ಕೆ ಅರ್ಜಿ ಹಾಕಿದರು. ಹಗ್ಗ ಹತ್ತುವ ಪರೀಕ್ಷೆಯಲ್ಲಿ ಒಮ್ಮೆ ದೊಪ್ಪನೆ ಬಿದ್ದು, ಎಲ್ಲರನ್ನೂ ನಗಿಸಿ, ಮರುವರ್ಷ ಹತ್ತಿ ತೋರಿಸಿದರು. ಅಂದಿನಿಂದ ದೊಡ್ಡ ಪೈಪಿನ ಮೂತಿ ಅವರ ಕೈಗೆ ಬಂತು. ಆ ಪೈಪಿನಲ್ಲಿ ನೀರು ನುಗ್ಗಿದಾಗ ಹಿಡಿದವರನ್ನೇ ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಬೆನ್ನಿಗೆ ಆತುಕೊಂಡು ಇನ್ನೊಬ್ಬರು ನಿಲ್ಲಬೇಕು. ಅತ್ತೆಯ ಬೆನ್ನಿಗೆ ನಿಲ್ಲುತ್ತಿದ್ದವನು ಡೊಳ್ಳಣ್ಣ. ಹೊಟ್ಟೆಯಿಂದಾಗಿ ಬಂದ ಹೆಸರು, ಆ ಹೊಟ್ಟೆಯ ಬಗ್ಗೆ ಅವನಿಗೇ ಹೆಮ್ಮೆ. "ಈ ಹೊಟ್ಟೆ ಇಲ್ದಿದ್ರೆ ಅಕ್ಕ ಇಷ್ಟೊತ್ತಿಗೆ ಪಕ್ಕದೂರಿಗೆ ಹಾರಿಹೋಗಿರೋರು" ಎಂದು ಹೊಟ್ಟೆ ತಟ್ಟಿ ಹೇಳುತ್ತಿದ್ದ.

ಹೀಗಿರುವಾಗ ಠಾಣೆಗೆ ಹೊಸ ಯಂತ್ರ ಬಂತು. ಪುಟ್ಟ ಗಾಡಿಯ ಬೆನ್ನ ಮೇಲೆ ಒಂದು ಪಂಪು, ಒಂದು ಸಣ್ಣ ಟ್ಯಾಂಕು, ಬೆರಳು ದಪ್ಪದ ಪೈಪು, ಅದರ ತುದಿಗೊಂದು ಗನ್ನು. ಗನ್ನಿನ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ನೀರು ಧಾರೆಯಾಗಿ ಬರುವುದಿಲ್ಲ, ಬಿಳಿ ಮಂಜಾಗಿ ಬರುತ್ತದೆ. ಠಾಣೆಯವರೆಲ್ಲ ಸುತ್ತ ನಿಂತು ನೋಡಿದರು. "ಇದೇನು, ಕ್ಷೌರದಂಗಡಿ ಪಿಚಕಾರಿನಾ?" ಎಂದರು ಒಬ್ಬರು. "ಬಟ್ಟೆ ಇಸ್ತ್ರಿಗೆ ಚೆನ್ನಾಗಿದೆ" ಎಂದರು ಇನ್ನೊಬ್ಬರು. ಗನ್ನು ಹಿಂದಕ್ಕೆ ಒದೆಯುವುದೇ ಇಲ್ಲ, ಬೆನ್ನಿಗೆ ಆತು ನಿಲ್ಲುವವರು ಬೇಡ ಎಂದು ತಿಳಿದಾಗ ಡೊಳ್ಳಣ್ಣ ಮುಖ ಸಣ್ಣದು ಮಾಡಿದ. "ನನ್ನ ಹೊಟ್ಟೆ ಮೇಲೇ ಹೊಡೆದ್ರಲ್ಲ ಸಾಹೇಬ್ರೇ!"

ಅತ್ತೆ ಮಾತ್ರ ನಗಲಿಲ್ಲ. ಸಂಜೆ ಮನೆಗೆ ಬಂದವರೇ ಬಟ್ಟೆಯನ್ನೂ ಬದಲಾಯಿಸದೆ ಒಲೆಯ ಮೇಲೆ ಕಾವಲಿ ಇಟ್ಟರು.

"ಬಾ ಇಲ್ಲಿ, ನೋಡು" ಎಂದು ಸೊಸೆಯನ್ನು ಕರೆದರು. ಕಾದ ಕಾವಲಿಯ ಮೇಲೆ ಒಂದು ಸೌಟು ನೀರು ಸುರಿದರು. ನೀರು ಚುರ್ರೆಂದು ಅತ್ತಿತ್ತ ಓಡಿ, ಅರ್ಧಕ್ಕರ್ಧ ಅಂಚಿನಿಂದ ಕೆಳಗೆ ಹರಿದು ಒಲೆಯೆಲ್ಲ ರಾಡಿಯಾಯಿತು. ಮತ್ತೆ ಕಾಯಿಸಿ, ಈ ಸಲ ಬೆರಳು ಅದ್ದಿ ಚಿಮುಕಿಸಿದರು. ಹನಿಗಳು ಬಿದ್ದಲ್ಲೇ ಇಲ್ಲವಾದವು. ಒಂದಿಷ್ಟು ಹಬೆ ಎದ್ದಿತು, ಅಷ್ಟೇ.

"ಇಷ್ಟು ದಿನ ನಾವು ಸುರೀತಿದ್ವಿ. ಬೆಂಕಿ ಕುಡಿದಿದ್ದು ಸ್ವಲ್ಪ, ಚರಂಡಿ ಕುಡಿದಿದ್ದೇ ಜಾಸ್ತಿ. ಬೆಂಕಿಯಿಂದ ಉಳಿದ ಸಾಮಾನು ನಮ್ಮ ನೀರಿಂದ ಹಾಳು. ಈ ಯಂತ್ರ ನೀರನ್ನ ಪುಡಿ ಮಾಡುತ್ತೆ. ಪುಡಿಯಾದ ನೀರನ್ನ ಶಾಖ ಒಂದು ಹನೀನೂ ಬಿಡದೆ ತಿಂದು ಹಬೆ ಮಾಡುತ್ತೆ. ಆ ಹಬೆ ಕೋಣೆ ತುಂಬಿ ಗಾಳೀನ ಆಚೆ ನೂಕುತ್ತೆ. ಬೆಂಕಿಗೆ ಉಸಿರು ಕಟ್ಟುತ್ತೆ. ನಾವು ಒಳಗೆ ನುಗ್ಗೋದೂ ಬೇಡ, ಬಾಗಿಲು ಚೂರು ತೆಗೆದು ಮೂತಿ ಇಟ್ರೆ ಸಾಕು."

"ಒಳಗೆ ನುಗ್ಗೋದು ಬೇಡವಾ?" ಸೊಸೆ ಅದೊಂದೇ ಮಾತು ಹಿಡಿದುಕೊಂಡಳು.

"ಬೇಡ. ನಿನಗೋಸ್ಕರಾನೇ ಮಾಡಿರೋ ಯಂತ್ರ ಅನ್ಕೋ" ಎಂದು ಅತ್ತೆ ನಕ್ಕರು. ಒಲೆ ಒರೆಸುವ ಕೆಲಸ ಸೊಸೆಗೇ ಬಿತ್ತು. ಆದರೂ ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ.

ಯಂತ್ರದಲ್ಲಿ ಒಂದು ತೊಡಕಿತ್ತು. ಮುಚ್ಚಿದ ಕೋಣೆಯೊಳಗೆ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಹಬೆ ಮಿತಿಮೀರಿ, ಬಂದ ದಾರಿಯಲ್ಲೇ ವಾಪಸ್ ನುಗ್ಗಿ ಹಿಡಿದವರನ್ನೇ ಬೇಯಿಸುತ್ತದೆ. ಸ್ವಲ್ಪ ಒತ್ತಬೇಕು, ಕೈ ತೆಗೆಯಬೇಕು, ಕಾಯಬೇಕು, ಮತ್ತೆ ಒತ್ತಬೇಕು. ಗನ್ನು ಹಿಡಿದವರಿಗೆ ಎದುರಿನ ಬಿಳಿ ಬಿಟ್ಟು ಬೇರೇನೂ ಕಾಣದು. ಹಿಂದೆ ಮಂಡಿಯೂರಿ ಬಾಗಿಲು ಹಿಡಿದವರು ಹೊಗೆಯ ಬಣ್ಣ ನೋಡಿ, ಯಾವಾಗ ಒತ್ತಬೇಕು ಯಾವಾಗ ನಿಲ್ಲಿಸಬೇಕು ಎಂದು ಕೂಗಿ ಹೇಳಬೇಕು. ಇದನ್ನು ಕಲಿಸಲು ಬೇರೆ ಊರಿನಿಂದ ಒಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಪ್ರೀತಿಯಿಂದ ಕಲಿಸುವ ಮನುಷ್ಯ.

ಠಾಣೆಯ ಅಂಗಳದಲ್ಲಿ ಹಳೆಯ ಕಬ್ಬಿಣದ ಡಬ್ಬದಂಥ ಕೋಣೆಯೊಂದನ್ನು ಇರಿಸಿ, ಒಳಗೆ ಮರದ ತುಂಡು ರಾಶಿ ಹಾಕಿ ಬೆಂಕಿ ಕೊಟ್ಟರು. ಮೊದಲ ಸರದಿ ಅತ್ತೆಯದು. ಬೆನ್ನ ಹಿಂದೆ ಮೇಷ್ಟ್ರು. ಅತ್ತೆ ಗನ್ನಿನ ಮೂತಿ ಒಳಗಿಟ್ಟು ಒತ್ತಿದರು.

"ಬಿಡಿ!" ಎಂದು ಮೇಷ್ಟ್ರು ಕೂಗಿದರು.

ಅತ್ತೆ ಇನ್ನಷ್ಟು ಬಿಗಿಯಾಗಿ ಒತ್ತಿದರು.

"ಬಿಡಿ, ಬಿಡಿ ಅಂದ್ರೆ!"

ಅತ್ತೆ ಎರಡೂ ಕೈ ಹಾಕಿ ಒತ್ತಿದರು. ಬಾಗಿಲ ಸಂದಿನಿಂದ ಹಬೆ ಭುಸ್ಸೆಂದು ಹೊರಗೆ ಚಿಮ್ಮಿತು. ಮೇಷ್ಟ್ರು ಅವರನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಗ್ಲೌಸು ಮುಗಿದು ತೋಳು ಶುರುವಾಗುವ ಕಡೆ ಅತ್ತೆಯ ಚರ್ಮ ಬೆಂದು ಬೊಬ್ಬೆ ಎದ್ದಿತ್ತು.

ಸಾಹೇಬರು, ಅಂದರೆ ಠಾಣೆಯ ಅಧಿಕಾರಿ, ಕೆಟ್ಟವರಲ್ಲ. ಅತ್ತೆಯನ್ನು ಕೂರಿಸಿ ಮೆಲ್ಲಗೆ ಕೇಳಿದರು, "ಅಮ್ಮಾ, ಮೇಷ್ಟ್ರು ಅಷ್ಟು ಕೂಗಿದ್ರೂ ಯಾಕೆ ನಿಲ್ಲಿಸಲಿಲ್ಲ?"

"ಅವರು ಹೇಳಿದ್ದನ್ನೇ ಮಾಡಿದ್ನಲ್ಲ ಸಾಹೇಬ್ರೇ" ಎಂದರು ಅತ್ತೆ.

ಅದು ಯಾರಿಗೂ ಅರ್ಥವಾಗಲಿಲ್ಲ, ತಪ್ಪೆಲ್ಲಾಯಿತೆಂದು ಅತ್ತೆಗೂ ತಿಳಿಯಲಿಲ್ಲ. ಕಿವಿ ಮಂದವಾಗಿರಬೇಕು ಎಂದರು ಸಾಹೇಬರು. ಬೆಂಕಿಯೆದುರು ಮಾತು ಕೇಳಿಸದ ಕೈಗೆ ಗನ್ನು ಕೊಡಲಾಗದು. ಸದ್ಯಕ್ಕೆ ಟೆಲಿಫೋನ್ ನೋಡಿಕೊಳ್ಳಿ, ಮೇಷ್ಟ್ರು ಇನ್ನೊಮ್ಮೆ ಬಂದಾಗ ಪರೀಕ್ಷೆ ಕೊಡಿ, ಆಮೇಲೆ ನೋಡೋಣ ಎಂದರು.

ಅತ್ತೆ ಮನೆಗೆ ಬಂದು ಬೂಟು ಬಿಚ್ಚಿ ಮೂಲೆಗಿಟ್ಟರು. "ಮತ್ತೆ ಕುರ್ಚಿ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಸೊಸೆ ಅವರ ಮಣಿಕಟ್ಟಿಗೆ ಮುಲಾಮು ಹಚ್ಚಿದಳು. ಮುಖ ಬಾಡಿಸಿಕೊಂಡೇ ಹಚ್ಚಿದಳು. ಆದರೆ ಒಳಗೊಳಗೇ ಅವಳಿಗೆ ಹಾಯೆನಿಸಿತು. ಕುರ್ಚಿ! ಮೇಲೆ ಫ್ಯಾನು, ಸುತ್ತ ಗೋಡೆ, ಅತ್ತೆ ಇದ್ದಲ್ಲೇ ಇರುತ್ತಾರೆ. ಅವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗಂಡನ ಕಿವಿ ಕಚ್ಚಿ ಕಚ್ಚಿ ಒಂದು ದಿನ ಅವನನ್ನು ಸಾಹೇಬರ ಬಳಿಗೆ ಕಳಿಸಿದಳು. "ಕುರ್ಚೀನೇ ಖಾಯಂ ಮಾಡಿ ಅಂತ ಕೇಳ್ರೀ. ಅಮ್ಮನಿಗೆ ವಯಸ್ಸಾಯ್ತು ಅನ್ನಿ. ನಾನು ಹೇಳಿದ್ದು ಅಂತ ಮಾತ್ರ ಬಾಯಿ ಬಿಡಬೇಡಿ." ಅವನು ಹೋಗಿ ಹೇಳಿ ಬಂದ. ಪರೀಕ್ಷೆ ಆಗಲಿ, ನೋಡೋಣ ಎಂದರಂತೆ ಸಾಹೇಬರು.

ಗಾಡಿಯ ಕೆಲಸ ಹೋದ ಮೇಲೆ ಅತ್ತೆ ಬೇರೆಯೇ ಆದರು. ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು. ಯಾರಾದರೂ ಮಾತಾಡಿಸಿದರೆ "ಆಂ?" ಎಂದು ಎರಡೆರಡು ಸಲ ಕೇಳುವರು. ಕಿವಿ ನೆಟ್ಟಗಿದ್ದರೂ ಅದರ ಮೇಲಿನ ನಂಬಿಕೆಯೇ ಅವರಿಗೆ ಹೊರಟುಹೋಗಿತ್ತು. ಗಡಿಯಾರದ ಹತ್ತಿರ ನಿಂತು ಟಿಕ್‌ಟಿಕ್ ಕೇಳಿಸುತ್ತದೆಯೇ ಎಂದು ನೋಡುತ್ತಿದ್ದುದನ್ನು ಸೊಸೆ ಒಮ್ಮೆ ಕಂಡು, ಕಾಣದವಳಂತೆ ಅಡುಗೆಮನೆಗೆ ಹೋದಳು.

ಗಂಟು ಬಿಚ್ಚಿದ್ದು ಬಚ್ಚಲಲ್ಲಿ. ರಜೆಯ ಬೆಳಿಗ್ಗೆ ಇಬ್ಬರೂ ಸೇರಿ ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದರು. ಸೊಸೆಯ ತೊಡೆಯ ಮೇಲೆ ಮಗು, ಅತ್ತೆಯ ಒಂದು ಕೈಯಲ್ಲಿ ಶವರಿನ ಪೈಪು, ಇನ್ನೊಂದು ಕೈ ನಲ್ಲಿಯ ಮೇಲೆ. ಪುಟ್ಟಿ ಅಮ್ಮನ ಕೂದಲನ್ನು ಮುಷ್ಟಿ ತುಂಬ ಹಿಡಿದು ಎಳೆದಳು.

"ಅಯ್ಯೋ, ಬಿಡು!" ಎಂದು ಸೊಸೆ ಚೀರಿದಳು.

ಅತ್ತೆ ನಲ್ಲಿ ತಿರುಗಿಸಿದರು.

"ಬಿಡೇ! ಬಿಡು ಅಂದ್ರೆ!"

ಅತ್ತೆ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಛಿಲ್ಲೆಂದು ಚಿಮ್ಮಿ ಮೂವರನ್ನೂ ತೋಯಿಸಿತು. ಪುಟ್ಟಿ ಕೂದಲು ಬಿಟ್ಟು ಕೇಕೆ ಹಾಕಿ ನಕ್ಕಳು.

"ಏನತ್ತೆ ಇದು! ಬಿಡು ಬಿಡು ಅಂತ ಬಡ್ಕೊಳ್ತಿದ್ರೆ..."

"ಅದಕ್ಕೇ ಬಿಟ್ಟೆ ನೀರು!"

"ನಾನು ಹೇಳಿದ್ದು ಪುಟ್ಟಿಗೆ. ನಿಮಗೆ ಯಾವತ್ತಾದ್ರೂ ಬಿಡು ಅಂತ ಏಕವಚನದಲ್ಲಿ ಹೇಳಿದ್ದೀನಾ?"

ಅತ್ತೆ ಒದ್ದೆ ಮುಖದಲ್ಲಿ ಅವಳನ್ನೇ ನೋಡುತ್ತಾ ನಿಂತರು. ನಲ್ಲಿ ಸುರಿಯುತ್ತಲೇ ಇತ್ತು. "ಬಿಡು ಅಂದ್ರೆ ಕೈ ಬಿಡು" ಎಂದರು ಮೆಲ್ಲಗೆ. "ಬಿಡು ಅಂದ್ರೆ ನೀರು ಬಿಡು. ಅವರು ಕೈ ಬಿಡಿ ಅಂದ್ರು. ನಾನು... ಇಷ್ಟು ವರ್ಷ ಬೆಂಕಿ ಮುಂದೆ ಬಿಡು ಅಂದಾಗೆಲ್ಲ ನೀರು ಬಿಟ್ಟೋಳು ನಾನು!" ಆಮೇಲೆ ಬಚ್ಚಲ ನೆಲದ ಮೇಲೆ ಕೂತುಬಿಟ್ಟರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಸೊಸೆ ಗಾಬರಿಯಾದಳು. ಬಗ್ಗಿ ನೋಡಿದರೆ ನಗು. "ನನ್ನ ಕಿವಿ ಸರಿಯಾಗಿದೆ! ಕೇಳಿಸ್ತಾ ನಿನಗೆ? ನನ್ನ ಕಿವಿ ಸರಿಯಾಗಿದೆ!"

ಟವಲು ತರಲು ಹೋದ ಸೊಸೆಗೆ ಬಾಗಿಲ ಮರೆಯಲ್ಲಿ ಒಂದು ಕ್ಷಣ ಅನಿಸಿತು, ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತಲ್ಲ.

ಸಾಹೇಬರು ಕೇಳಿ ತಲೆದೂಗಿದರು. ಫೋನಿನಲ್ಲಿ ವಿಷಯ ತಿಳಿದ ಮೇಷ್ಟ್ರು ಜೋರಾಗಿ ನಕ್ಕು, "ಬೇರೆ ಠಾಣೇಲೂ ಹೀಗೇ ಒಬ್ಬರು ಕೈ ಬಿಡ್ಲಿಲ್ಲಮ್ಮ! ಹಟಮಾರಿ ಅಂತ ಬೈದು ಬಂದೆ. ನನಗೂ ಹೊಳೀಲಿಲ್ಲ ನೋಡಿ. ಬೇರೆ ಮಾತು ಹುಡುಕಿ, ನಾನು ಬಂದಾಗ ಅದರಲ್ಲೇ ಪರೀಕ್ಷೆ ಮಾಡೋಣ" ಎಂದರು. ಪರೀಕ್ಷೆಯವರೆಗೆ ಕುರ್ಚಿ ತಪ್ಪದು ಎಂದರು ಸಾಹೇಬರು.

ಬೇರೆ ಮಾತು ಹುಡುಕುವುದು ನೀರು ಕುಡಿದಷ್ಟು ಸುಲಭವಾಗಲಿಲ್ಲ. ಮೊದಲು 'ಒತ್ತು', 'ಎತ್ತು' ಎಂದುಕೊಂಡರು. ಬೆರಳು ಒತ್ತು, ಬೆರಳು ಎತ್ತು. ಅಂಗಳದಲ್ಲಿ ಪಂಪು ಗುಡುಗುವಾಗ, ಉಸಿರಾಟದ ಮುಖವಾಡದೊಳಗಿಂದ ಎರಡೂ 'ತ್ತು' ಎಂದಷ್ಟೇ ಕೇಳಿಸಿದವು. ಗನ್ನು ಹಿಡಿದಿದ್ದ ಡೊಳ್ಳಣ್ಣ ಮುಖವಾಡ ಕಿತ್ತು, "ಒತ್ತು ಅಂದ್ರೋ ಎತ್ತು ಅಂದ್ರೋ ಗೊತ್ತಾಗದೆ ಕೊನೆಗೆ ನಾನೇ ಎತ್ತಾದೆ ಅಕ್ಕ, ಹುಲ್ಲು ಹಾಕಿ" ಎಂದ. 'ಹೂಂ', 'ಉಹೂಂ' ಎಂದು ನೋಡಿದರು, ಅದೂ ಗೊಂದಲ.

ಅದೇ ಸಂಜೆ ಅತ್ತೆ ಪುಟ್ಟಿಗೆ ಬೇಯಿಸಿದ ಕ್ಯಾರೆಟ್ ಹಿಸುಕಿ ತಿನ್ನಿಸಲು ಕೂತಿದ್ದರು. ಸೊಸೆ ಪಕ್ಕದಲ್ಲೇ ನಿಂತು, "ಬಿಸಿ ಇದೆ ಅತ್ತೆ, ಊದಿ... ಇನ್ನೊಂದ್ಸಲ ಊದಿ" ಎನ್ನುತ್ತಿದ್ದಳು. ಅತ್ತೆ ಊದಿದರು. ಪುಟ್ಟಿ ಬಾಯಿ ತೆರೆದು ಮುಂದೆ ಬಗ್ಗಿದಳು.

"ತಾಳು" ಎಂದರು ಅತ್ತೆ ಪುಟ್ಟಿಗೆ. ತುಟಿಗೆ ತಾಗಿಸಿ ನೋಡಿದರು. ಮತ್ತೆ ಊದಿದರು. "ತಾಳು, ತಾಳು."

ಚಮಚ ಗಾಳಿಯಲ್ಲೇ ನಿಂತಿತು. "ಊದು" ಎಂದರು ಅತ್ತೆ, ಗೋಡೆಗೆ ಹೇಳುವಂತೆ. "ತಾಳು." ಅಂಗೈಯನ್ನು ಬಾಯಿಗೆ ಮುಖವಾಡದಂತೆ ಒತ್ತಿಕೊಂಡು ಮತ್ತೊಮ್ಮೆ, "ಊದು! ತಾಳು!" ಎಂದರು. "ಹೇಗೆ ಕೇಳಿಸ್ತು?"

"ಬೇರೆ ಬೇರೆಯಾಗೇ ಕೇಳಿಸ್ತು" ಎಂದಳು ಸೊಸೆ. ಪುಟ್ಟಿ ತಾಳ್ಮೆ ಕಳೆದುಕೊಂಡು ಚಮಚಕ್ಕೆ ಕೈ ಹಾಕಿ, ಕ್ಯಾರೆಟ್ಟು ಅತ್ತೆಯ ಮಡಿಲಿಗೆ ಬಿತ್ತು.

ಆಮೇಲೆ ಅತ್ತೆ ಕುರ್ಚಿಯ ಪಾಳಿ ಮುಗಿಸಿ ಅಂಗಳಕ್ಕಿಳಿಯುವುದು, ಡೊಳ್ಳಣ್ಣನೊಂದಿಗೆ ಅಭ್ಯಾಸ ಮಾಡುವುದು, ಕತ್ತಲಾಗುವ ಮುನ್ನ ಮನೆಗೆ ಬರುವುದು ನಡೆಯಿತು. ಮೇಷ್ಟ್ರು ಬರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಅದು ಹಾಗೇ ಮುಂದೆ ಹೋಗುತ್ತಿರಲಿ ಎಂದು ಸೊಸೆ ಬಯಸಿದಳು.

ಪುಟ್ಟಿಗೆ ಲಸಿಕೆ ಹಾಕಿಸಬೇಕಾಗಿದ್ದ ಬೆಳಿಗ್ಗೆ ಸೊಸೆ ಮಕ್ಕಳ ಕ್ಲಿನಿಕ್ಕಿಗೆ ಹೋದಳು. ಕ್ಲಿನಿಕ್ಕು ಮೊದಲ ಮಹಡಿಯಲ್ಲಿ. ಕೆಳಗೆ ಔಷಧಿಗಳ ದಾಸ್ತಾನು ಕೋಣೆ, ಅದರ ಪಕ್ಕದಲ್ಲೇ ಕಿರಿದಾದ ಮೆಟ್ಟಿಲು. ಎಂದಿನಂತೆ ಅವಳ ಕಣ್ಣು ಎಲ್ಲವನ್ನೂ ಅಳೆದು ಬಂದಿತ್ತು. ಡಾಕ್ಟರು ಇನ್ನೂ ಬಂದಿರಲಿಲ್ಲ. ಒಬ್ಬ ನರ್ಸು, ಮಕ್ಕಳನ್ನು ಎತ್ತಿಕೊಂಡ ನಾಲ್ಕಾರು ತಾಯಂದಿರು. ಮೊದಲು ಮೂಗಿಗೆ ಬಡಿದದ್ದು ಪ್ಲಾಸ್ಟಿಕ್ಕು ಸುಟ್ಟ ವಾಸನೆ. ಬಾಗಿಲು ತೆರೆದು ಬಗ್ಗಿ ನೋಡಿದ ನರ್ಸು ಕೆಮ್ಮುತ್ತಾ ಹಿಂದೆ ಬಂದಳು. ಮೆಟ್ಟಿಲ ತುಂಬ ಕಪ್ಪು ಹೊಗೆ.

ಸೊಸೆಯ ಬೆರಳು ತಾನಾಗಿಯೇ ಠಾಣೆಯ ನಂಬರು ಒತ್ತಿತು. ಎತ್ತಿದ್ದು ಅತ್ತೆ.

"ಏನಮ್ಮಾ ವಿಚಾರಣೆ, ಕುರ್ಚೀಲೇ ಇದ್ದೀನಿ, ಎಲ್ಲಿ ಹೋಗ್ಲಿ?"

"ಅತ್ತೆ, ಬೆಂಕಿ. ಪುಟ್ಟಿಯ ಕ್ಲಿನಿಕ್ಕಲ್ಲಿ. ನಾವು ಮೇಲೆ ಸಿಕ್ಕಿಹಾಕ್ಕೊಂಡಿದ್ದೀವಿ."

ಆ ಕಡೆಯಿಂದ ಬಂದ ದನಿ ಮನೆಯ ದನಿಯಲ್ಲ. "ಹೊಗೆ ಎಲ್ಲಿಂದ?"

"ಕೆಳಗಿನ ದಾಸ್ತಾನು ಕೋಣೆಯಿಂದ. ನಾವು ಬಂದಾಗ ಬಾಗಿಲು ಮುಚ್ಚಿತ್ತು. ಮೆಟ್ಟಿಲಿನ ಬಲಗಡೆ. ಕರೆಂಟಿನ ಬೋರ್ಡೂ ಅದೇ ಗೋಡೇಲಿದೆ."

"ಇಳಿಯೋಕಾಗುತ್ತಾ?"

"ಆಗಲ್ಲ. ಕಿಟಕಿ ರಸ್ತೆ ಕಡೆ ಇದೆ, ಸರಳು ಹಾಕಿದ್ದಾರೆ."

"ಸರಿ. ಬಾಗಿಲು ಮುಚ್ಚು. ಬಟ್ಟೆ ಒದ್ದೆ ಮಾಡಿ ಕೆಳಗಿನ ಸಂದಿಗೆ ತುರುಕು. ಮಕ್ಕಳನ್ನ ಕಿಟಕಿ ಹತ್ರ ಕರ್ಕೊಂಡು ಹೋಗಿ, ತಗ್ಗಿ ಕೂತ್ಕೊಳ್ಳಿ. ಫೋನ್ ಇಡಬೇಡ."

ಸೊಸೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಪುಟ್ಟಿಯ ಹೊದಿಕೆಯನ್ನು ಸಿಂಕಿನಲ್ಲಿ ಅದ್ದಿದಳು. ಠಾಣೆಯ ಮಾತು ಕಿವಿಗೆ ಬೀಳುತ್ತಲೇ ಇತ್ತು. ದೊಡ್ಡ ಗಾಡಿ ಊರಾಚೆಯ ಮರದ ಅಡ್ಡೆಯ ಬೆಂಕಿಗೆ ಹೋಗಿದೆ. ಉಳಿದಿರುವುದು ಮಂಜಿನ ಯಂತ್ರದ ಪುಟ್ಟ ಗಾಡಿ, ಡೊಳ್ಳಣ್ಣ, ಸಾಹೇಬರು, ಅತ್ತೆ.

"ಗನ್ನಿಗೆ ನಾನು ಹೋಗ್ತೀನಿ ಸಾಹೇಬ್ರೇ."

"ಪರೀಕ್ಷೆ ಆಗಿಲ್ಲಮ್ಮ. ಅದೂ ಒಳಗೆ ನಿಮ್ಮ ಮನೆಯವರೇ ಇದ್ದಾರೆ, ಕೈ ನಡುಗಿದ್ರೆ? ಪಕ್ಕದ ಠಾಣೆಗೆ ಹೇಳ್ತೀನಿ..."

"ಅವರು ಬರೋ ಹೊತ್ತಿಗೆ ಮೆಟ್ಟಿಲು ಉಳಿಯಲ್ಲ."

ಅತ್ತೆಯನ್ನು ಕುರ್ಚಿಗೆ ಕಟ್ಟಿಹಾಕಲು ಇಷ್ಟು ದಿನ ಹೆಣಗಿದವಳು ಫೋನನ್ನು ಕೈಗೆ ತೆಗೆದುಕೊಂಡು ಗಂಟಲು ಹರಿಯುವಂತೆ ಕೂಗಿದಳು. "ಕಳಿಸಿ ಸಾರ್! ಅವರನ್ನೇ ಕಳಿಸಿ!"

ಕುರ್ಚಿ ಕಿರ್ರೆಂದು ಸರಿದ ಸದ್ದು. ಓಡುವ ಬೂಟುಗಳ ಸದ್ದು. ಆಮೇಲೆ ಫೋನಿನಲ್ಲಿ ಸಾಹೇಬರ ದನಿ ಬಂತು. "ಹೊರಟ್ರಮ್ಮ. ನಾನಿದ್ದೀನಿ ಲೈನಲ್ಲಿ. ಮಾತಾಡ್ತಾ ಇರಿ."

ಪುಟ್ಟ ಗಾಡಿ ಸಂದಿಗೊಂದಿಗಳಲ್ಲಿ ನುಸುಳಿಕೊಂಡು ಬಂತು. ಕಿಟಕಿಯ ಕೆಳಗೆ ಪಂಪು ಗುಡುಗತೊಡಗಿತು. ಮೈನ್ ಸ್ವಿಚ್ಚು ಆರಿಸಿರಬೇಕು, ತಲೆಯ ಮೇಲಿನ ಫ್ಯಾನು ನಿಂತಿತು. ಹೊದಿಕೆ ತುರುಕಿದ್ದರೂ ಬಾಗಿಲ ಮೂಲೆಯಿಂದ ಎಳೆ ಎಳೆಯಾಗಿ ಹೊಗೆ ಬರುತ್ತಿತ್ತು. ಕಾಲ ಕೆಳಗಿನ ನೆಲ ಬೆಚ್ಚಗಾಗಿತ್ತು. ಮಕ್ಕಳ ಅಳುವಿನ ನಡುವೆ ಕೆಳಗಿನಿಂದ ಮುಖವಾಡದೊಳಗಿನ ಗಂಡು ದನಿ ಕೇಳಿಸಿತು.

"ಊದು!"

ಸ್ಸ್ಸ್ ಎಂದು ಸೀಳಿದಂಥ ಸದ್ದು.

"ತಾಳು!"

ಸದ್ದು ಕತ್ತರಿಸಿದಂತೆ ನಿಂತಿತು.

ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬಳು ಕಣ್ಣರಳಿಸಿ, "ಏನ್ರೀ ಇದು, ಬೆಂಕಿ ಆರಿಸ್ತಿದ್ದಾರೋ, ಯಾರಿಗೋ ಊಟ ಮಾಡಿಸ್ತಿದ್ದಾರೋ?" ಎಂದಳು.

"ಬಾಗಿಲು ಹಿಡಿದಿರೋರು ಡೊಳ್ಳಣ್ಣ" ಎಂದಳು ಸೊಸೆ. "ಆ ಸ್ಸ್ ಅಂತಿದೆಯಲ್ಲ, ಅದು ನಮ್ಮತ್ತೆ."

ಊದು. ತಾಳು. ಊದು. ತಾಳು. ಒಂದು ಸಲವೂ ಸದ್ದು ಮಾತನ್ನು ಮೀರಲಿಲ್ಲ. ಮಾತು ಬಿದ್ದೊಡನೆ ಮಂಜು, ಮಾತು ಬಿದ್ದೊಡನೆ ಮೌನ. ಸೊಸೆಯೂ ಗೊತ್ತಿಲ್ಲದೆ ಅದೇ ಲಯದಲ್ಲಿ ಉಸಿರಾಡುತ್ತಿದ್ದಳು. ಆಮೇಲೆ ಒಂದು 'ತಾಳು' ಬಂತು. ಅದರ ಹಿಂದೆ 'ಊದು' ಬರಲೇ ಇಲ್ಲ.

ಅವಳು ಕಾದಳು. ಪಂಪು ಗುಡುಗುತ್ತಲೇ ಇತ್ತು. ಮಾತಿಲ್ಲ, ಸೀಳುವ ಸದ್ದಿಲ್ಲ. ಹಬೆ ವಾಪಸ್ ನುಗ್ಗಿತೇ? ಇಬ್ಬರೂ ಬಿದ್ದರೇ? ಫೋನಿನಲ್ಲಿ ಸಾಹೇಬರು "ಏನಾಗ್ತಿದೆಯಮ್ಮ?" ಎಂದರು. ಅವಳು ಪುಟ್ಟಿಯ ನೆತ್ತಿಗೆ ತುಟಿಯೊತ್ತಿ ಕೂತಳು. ಕಾಯುವುದೂ ಆ ಕೆಲಸದ ಅರ್ಧ ಎಂದು ಅತ್ತೆ ಹೇಳಿದ್ದರು. ಅಷ್ಟು ಮಂಜನ್ನು ಒಳಗೆ ಕೂಡಿಹಾಕಿ, ಬಾಗಿಲೆಳೆದುಕೊಂಡು, ಬೆಂಕಿ ತಾನಾಗಿ ಉಸಿರುಗಟ್ಟುವವರೆಗೆ ಕೈ ಕಟ್ಟಿ ನಿಲ್ಲಬೇಕು. ಮೊಮ್ಮಗಳು ತಲೆಯ ಮೇಲಿನ ಮಹಡಿಯಲ್ಲಿ ಅಳುತ್ತಿರುವಾಗ ಹಾಗೆ ನಿಲ್ಲಲು ಎಂಥ ಎದೆ ಬೇಕು ಎಂಬುದು ಸೊಸೆಗೆ ಹೊಳೆದದ್ದು ಆಗ.

"ಊದು!"

ಪುಟ್ಟದೊಂದು ಸ್ಸ್. "ತಾಳು!" ಪಂಪು ನಿಂತಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಡೊಳ್ಳಣ್ಣನ ಮಸಿ ಮುಖ. "ಅಮ್ಮಂದಿರೇ, ಒಬ್ಬೊಬ್ಬರಾಗಿ ಇಳೀರಿ. ಮೆಟ್ಟಿಲು ತಣ್ಣಗಿದೆ. ವಿಚಾರಣೆಯವರು ಎಲ್ಲಿ? ಬನ್ನಿ, ಖುದ್ದಾಗಿ ವಿಚಾರಿಸ್ಕೊಳ್ಳಿ."

ಮೆಟ್ಟಿಲು ಒರೆಸಿದ ನೆಲದಷ್ಟು ಮಾತ್ರ ಒದ್ದೆ. ದಾಸ್ತಾನು ಕೋಣೆಯ ಒಂದು ಗೋಡೆ, ಅದಕ್ಕೆ ಆತಿದ್ದ ಕಪಾಟು ಕರಕಲಾಗಿದ್ದವು. ಎದುರು ಗೋಡೆಯ ರಟ್ಟಿನ ಪೆಟ್ಟಿಗೆಗಳು ಮಸಿ ಹಿಡಿದಿದ್ದರೂ ನೆಟ್ಟಗೆ ನಿಂತಿದ್ದವು. ಅತ್ತೆ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದರು. ಹೆಲ್ಮೆಟ್ಟು ಕಾಲ ಬಳಿ, ಕೂದಲು ನೆತ್ತಿಗೆ ಅಂಟಿತ್ತು, ಮುಖವಾಡದ ಅಂಚು ಕೆನ್ನೆಯಲ್ಲಿ ಕೆಂಪಗೆ ಅಚ್ಚೊತ್ತಿತ್ತು. ಪುಟ್ಟಿಯನ್ನು ನೋಡಿದವರೇ ಎರಡೂ ಕೈ ಚಾಚಿ, ಕೈಯ ಮಸಿ ಕಂಡು ಹಿಂದೆ ತೆಗೆದುಕೊಂಡರು.

"ಸೂಜಿ ಚುಚ್ಚಿದ್ರಾ?"

"ಇಲ್ಲ ಅತ್ತೆ."

"ಮತ್ತೆ ಅದೊಂದು ಬಾಕಿ" ಎಂದರು ಅತ್ತೆ. ಸೊಸೆ ಆ ಮಸಿ ಕೈಗಳನ್ನು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು.

ದೊಡ್ಡ ಗಾಡಿ ಮರಳಿ ಟೆಲಿಫೋನಿಗೆ ಬೇರೆಯವರು ಸಿಕ್ಕ ಮೇಲೆ ಸಾಹೇಬರೂ ಬಂದರು. ಕೋಣೆಯ ಒಳಗೆ ಬಗ್ಗಿ ನೋಡಿದರು, ನೆಲ ಮುಟ್ಟಿ ನೋಡಿದರು, ಅತ್ತೆಯ ಮಣಿಕಟ್ಟು ತಿರುಗಿಸಿ ನೋಡಿದರು. ಹೊಸ ಬೊಬ್ಬೆ ಒಂದೂ ಇರಲಿಲ್ಲ.

"ಮೇಷ್ಟ್ರಿಗೆ ನಾನೇ ಹೇಳ್ತೀನಿ, ಪರೀಕ್ಷೆ ಮುಗೀತು ಅಂತ" ಎಂದರು. "ನಾಳೆಯಿಂದ ಗನ್ನು ನಿಮ್ಮದು. ಆದ್ರೆ ಅಮ್ಮಾ, ನಿಮ್ಮ ಮನೇಲೂ ಒಪ್ಪಬೇಕಲ್ಲ? ಕುರ್ಚೀನೇ ಖಾಯಂ ಮಾಡಿ ಅಂತ ನಿಮ್ಮ ಮಗ ಬಂದು ಕೇಳ್ಕೊಂಡು ಹೋಗಿದ್ದಾರೆ."

ಅತ್ತೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು.

ಸೊಸೆ ಮೂಗೊರೆಸಿಕೊಂಡಳು. "ಅವರದ್ದೇನಿಲ್ಲ ಸಾರ್. ನಾನೇ ಹೇಳಿ ಕಳಿಸಿದ್ದು. ಆ ಮಾತು ವಾಪಸ್ ತಗೊಂಡೆ."

"ಗೊತ್ತಿತ್ತು" ಎಂದರು ಅತ್ತೆ. "ನನ್ನ ಮಗನಿಗೆ ತಾನಾಗಿ ಅಷ್ಟೆಲ್ಲ ತಲೆ ಓಡಲ್ಲ."

ಡೊಳ್ಳಣ್ಣ ಹೊಟ್ಟೆ ಕುಲುಕಿಸಿಕೊಂಡು ನಕ್ಕ.

ಸಂಜೆ ಸುದ್ದಿ ಕೇಳಿ ಗಂಡ ಮುದ್ರಣಾಲಯದಿಂದ ಓಡೋಡಿ ಬಂದ. ಮಗಳನ್ನು ಎತ್ತಿಕೊಂಡು, ಹೆಂಡತಿಯ ತಲೆ ಸವರಿ, ಅಮ್ಮನನ್ನು ಹುಡುಕಿದ. ಅಮ್ಮ ಊಟಕ್ಕೆ ಕೂತವರು ಕೂತಲ್ಲೇ ಗೋಡೆಗೆ ಒರಗಿ ನಿದ್ದೆಹೋಗಿದ್ದರು. ತಟ್ಟೆ ಮಾತ್ರ ಬಹಳ ದಿನಗಳ ಮೇಲೆ ಬರಿದಾಗಿತ್ತು.

"ನೋಡು ಇವರನ್ನ!" ಎಂದು ಅವನು ಎಂದಿನ ಯಂತ್ರದ ದನಿಯಲ್ಲೇ ಶುರುಮಾಡಿದ. "ಸಾಕು, ನಾಳೇನೇ ಹೋಗಿ ಸಾಹೇಬರ ಹತ್ರ..."

ಸೊಸೆ ತುಟಿಯ ಮೇಲೆ ಬೆರಳಿಟ್ಟಳು. ಎದೆ ಇನ್ನೂ ಡವಡವ ಎನ್ನುತ್ತಿತ್ತು. ನಾಳೆಯೂ ಅನ್ನುತ್ತದೆ, ನಾಡಿದ್ದೂ ಅನ್ನುತ್ತದೆ.

"ಮೆಲ್ಲಗೆ ಮಾತಾಡ್ರೀ" ಎಂದಳು. "ಬೆಳಿಗ್ಗೆ ಡ್ಯೂಟಿ ಇದೆ ಅವರಿಗೆ."